ಕಲ್ಪನಾಲೋಕಕ್ಕೊಂದು ಪಂಚಾಂಗ: ಓದುಗರ ಪ್ರಶ್ನೆ, ನಮ್ಮ ಉತ್ತರ

ಫ್ಯಾಂಟಸಿ ಬರೆಯುತ್ತಿರುವ ಓದುಗರಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ತಿಂಗಳು, ವಾರ, ಗಳಿಗೆಗಳ ಲೆಕ್ಕದವು. ಆಯ್ದ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ನನ್ನ ಕಾದಂಬರಿಯಲ್ಲಿ ಮೂರು ನಾಡುಗಳಿವೆ: ಹೊಳೆಬಯಲಿನ ರೈತರದು, ಕಡಲತಡಿಯ ಮೀನುಗಾರರದು, ಗುಡ್ಡದ ವ್ಯಾಪಾರಿಗಳದು. ಮೂವರಿಗೂ ಬೇರೆ ಬೇರೆ ಕ್ಯಾಲೆಂಡರ್ ಬೇಕು. ಎಲ್ಲಿಂದ ಶುರು ಮಾಡಲಿ? (ಸಾಗರ)

ತಿಂಗಳ ಹೆಸರುಗಳಿಂದಂತೂ ಬೇಡ. ಆಕಾಶ ಮೂವರಿಗೂ ಒಂದೇ. ಆದ್ದರಿಂದ ಮೊದಲು ಎರಡು ಅಂಕಿಗಳನ್ನು ಗಟ್ಟಿ ಮಾಡಿಕೊಳ್ಳಿ: ವರ್ಷಕ್ಕೆ ಎಷ್ಟು ದಿನ, ಒಂದು ಅಮಾವಾಸ್ಯೆಯಿಂದ ಮುಂದಿನ ಅಮಾವಾಸ್ಯೆಗೆ ಎಷ್ಟು ದಿನ. ಎರಡಕ್ಕೂ ಚಿಲ್ಲರೆ ಇರಲಿ. ಪಂಚಾಂಗದ ಕಷ್ಟವೆಲ್ಲ ಹುಟ್ಟುವುದು ಆ ಚಿಲ್ಲರೆಯಿಂದ, ಪಂಚಾಂಗಗಳು ಒಂದರಿಂದೊಂದು ಬೇರೆಯಾಗುವುದೂ ಅದನ್ನು ಯಾರು ಹೇಗೆ ತೀರಿಸುತ್ತಾರೆ ಎಂಬುದರಿಂದ.

ನಮ್ಮ ಭೂಮಿಯನ್ನೇ ನೋಡಿ. ವರ್ಷ 365.2422 ದಿನ, ಚಾಂದ್ರಮಾಸ 29.53 ದಿನ. ಹನ್ನೆರಡು ಚಾಂದ್ರಮಾಸ ಕೂಡಿದರೆ 354 ದಿನ ಚಿಲ್ಲರೆ. ವರ್ಷಕ್ಕೆ ಸುಮಾರು 11 ದಿನ ಕಡಿಮೆ ಬೀಳುತ್ತದೆ. ಇಸ್ಲಾಮಿ ಕ್ಯಾಲೆಂಡರ್ ಆ ಕೊರತೆಯನ್ನು ಹಾಗೇ ಬಿಡುತ್ತದೆ, ಹಾಗಾಗಿ ರಂಜಾನ್ ಸುಮಾರು 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ನಮ್ಮ ಚಾಂದ್ರಮಾನದಲ್ಲಿ ಸಂಕ್ರಾಂತಿಯೇ (ಸೂರ್ಯ ಒಂದು ರಾಶಿಯಿಂದ ಮುಂದಿನದಕ್ಕೆ ದಾಟುವುದು) ಬೀಳದ ಮಾಸವನ್ನು ಅಧಿಕವೆಂದು ಎಣಿಸಿ, ಸರಾಸರಿ 32-33 ತಿಂಗಳಿಗೊಮ್ಮೆ ಲೆಕ್ಕ ಸರಿಮಾಡುತ್ತಾರೆ. 2023ರಲ್ಲಿ ಅಧಿಕ ಶ್ರಾವಣ ಬಂದದ್ದು ಹಾಗೆ. ಯಹೂದಿಗಳದು 19 ವರ್ಷಕ್ಕೆ 7 ಅಧಿಕ ತಿಂಗಳು ಎಂಬ ಕಟ್ಟುಪಟ್ಟಿ. ಪ್ರಾಚೀನ ಈಜಿಪ್ಟಿನ ಆಡಳಿತ ಪಂಚಾಂಗ ಚಂದ್ರನನ್ನೇ ಬದಿಗಿಟ್ಟು, 30 ದಿನದ 12 ತಿಂಗಳಿಗೆ 5 ದಿನ ಸೇರಿಸಿ ನಿಲ್ಲಿಸಿತು. ಉಳಿದ ಕಾಲು ದಿನವನ್ನು ಲೆಕ್ಕಕ್ಕೆ ಹಿಡಿಯದ ಕಾರಣ ನಾಲ್ಕು ವರ್ಷಕ್ಕೊಂದು ದಿನದಂತೆ ಜಾರುತ್ತಾ ಹೋಗಿ, ನೈಲ್ ನದಿಯ ನೆರೆಯ ಕಾಲವೆಂದು ಹೆಸರಿಟ್ಟ ತಿಂಗಳುಗಳು ನೆರೆಯೇ ಇಲ್ಲದ ಕಾಲಕ್ಕೆ ಬಂದು ಕೂತವು.

ಈಗ ನಿಮ್ಮ ಲೋಕಕ್ಕೆ ಬರೋಣ. ವರ್ಷ 340.3 ದಿನ, ಚಾಂದ್ರಮಾಸ 26.4 ದಿನ ಎಂದಿಟ್ಟುಕೊಳ್ಳಿ. ಭಾಗಿಸಿದರೆ 12.89. ಹನ್ನೆರಡು ತಿಂಗಳಿಗೆ 316.8 ದಿನ, 23 ದಿನಕ್ಕೂ ಹೆಚ್ಚು ಕೊರತೆ. ಹದಿಮೂರಕ್ಕೆ 343.2, ಮೂರು ದಿನದಷ್ಟು ಹೆಚ್ಚುವರಿ. ಆದ್ದರಿಂದ ಈ ಲೋಕದ ಸಾಮಾನ್ಯ ವರ್ಷಕ್ಕೆ 13 ತಿಂಗಳು. 0.89 ಎಂಬುದು ಒಂಬತ್ತರಲ್ಲಿ ಎಂಟು ಭಾಗಕ್ಕೆ ಬಹಳ ಹತ್ತಿರ. ಎಂಟು ವರ್ಷ 13 ತಿಂಗಳು, ಒಂಬತ್ತನೆಯ ವರ್ಷ 12 ತಿಂಗಳು ಮಾಡಿದರೆ ಒಟ್ಟು 116 ತಿಂಗಳು, ಅಂದರೆ 3062.4 ದಿನ. ಒಂಬತ್ತು ಸೌರವರ್ಷಕ್ಕೆ 3062.7 ದಿನ. ವ್ಯತ್ಯಾಸ 0.3 ದಿನ ಮಾತ್ರ.

ನಮ್ಮಲ್ಲಿ ತಿಂಗಳು ಸೇರುತ್ತದೆ, ಇಲ್ಲಿ ಒಂಬತ್ತು ವರ್ಷಕ್ಕೊಮ್ಮೆ ಒಂದು ತಿಂಗಳು ಬಿದ್ದುಹೋಗುತ್ತದೆ. ಕಥೆಗೆ ಬೇಕಾದದ್ದು ಇದರಲ್ಲೇ ಇದೆ. ಬೀಳುವ ತಿಂಗಳು ಯಾವುದು? ಆ ತಿಂಗಳಲ್ಲಿ ಹುಟ್ಟಿದವರಿಗೆ ಆ ವರ್ಷ ವಯಸ್ಸು ಕೂಡುತ್ತದೆಯೇ? ವರ್ಷಕ್ಕಿಷ್ಟು ಎಂದು ಗುತ್ತಿಗೆ ಮಾತಾಡಿದ ಒಕ್ಕಲು 12 ತಿಂಗಳ ವರ್ಷಕ್ಕೂ ಪೂರ್ತಿ ಕಾಳು ಅಳೆಯಬೇಕೇ? ಸಾಲದ ಬಡ್ಡಿ ತಿಂಗಳ ಲೆಕ್ಕದ್ದೋ ವರ್ಷದ ಲೆಕ್ಕದ್ದೋ? ಇವಕ್ಕೆ ಒಂದೊಂದು ಸಾಲಿನ ಉತ್ತರ ಬರೆದಿಟ್ಟುಕೊಂಡರೆ ಆ ನಾಡಿನ ಕಾನೂನು, ಜಗಳ, ಹಬ್ಬ ಮೂರೂ ಅರ್ಧ ಸಿದ್ಧವಾದಂತೆ. ಉಳಿದ 0.3 ದಿನವನ್ನೂ ಮರೆಯಬೇಡಿ. 300 ವರ್ಷದಲ್ಲಿ ಅದು 10 ದಿನವಾಗುತ್ತದೆ. ಅಷ್ಟರಲ್ಲಿ ಹೊಸವರ್ಷದ ಹಬ್ಬ ಋತುವಿಗಿಂತ 10 ದಿನ ಮುಂಚೆಯೇ ಬಂದಿರುತ್ತದೆ.

ಇನ್ನು ನಾಡಿಗೊಂದು ಕ್ಯಾಲೆಂಡರ್. ಯಾರಿಗೆ ದಿನಾಂಕ ಯಾತಕ್ಕೆ ಬೇಕು ಎಂಬುದೇ ಇಲ್ಲಿ ಮಾನದಂಡ.

ರೈತನಿಗೆ ಬಿತ್ತನೆಯ ಹೊತ್ತು ತಿಳಿದರೆ ಸಾಕು. ಕರ್ನಾಟಕದ ಮಳೆ ನಕ್ಷತ್ರಗಳು ಈ ಕೆಲಸಕ್ಕೆಂದೇ ಇರುವಂಥವು: ಸೂರ್ಯ 27 ನಕ್ಷತ್ರಗಳನ್ನು ದಾಟುವ ಹಾದಿಯನ್ನು 13-14 ದಿನಗಳ ತುಂಡು ಮಾಡಿ, ಭರಣಿ ಮಳೆ, ರೋಹಿಣಿ ಮಳೆ, ಆರಿದ್ರಾ ಮಳೆ ಎಂದು ಕರೆಯುತ್ತಾರೆ. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಎಂಬ ಗಾದೆಗೆ ತಿಥಿಯೂ ಬೇಡ, ತಾರೀಖೂ ಬೇಡ. ನಿಮ್ಮ ಲೋಕದ ಸೂರ್ಯಪಥವನ್ನು 20 ನಕ್ಷತ್ರಗಳಾಗಿ ಹಂಚಿದರೆ ಒಂದೊಂದಕ್ಕೆ ಹೆಚ್ಚುಕಡಿಮೆ 17 ದಿನ ಬರುತ್ತದೆ. ಈ ಲೆಕ್ಕಕ್ಕೆ ಚಂದ್ರನ ಗೊಡವೆಯೇ ಇಲ್ಲವಾದ್ದರಿಂದ ತಿಂಗಳು ಬಿದ್ದುಹೋದ ವರ್ಷವೂ ರೈತನಿಗೆ ತೊಂದರೆಯಿಲ್ಲ.

ಮೀನುಗಾರನಿಗೆ ಬೇಕಾದದ್ದು ಉಬ್ಬರ ಇಳಿತದ ಲೆಕ್ಕ. ಭೂಮಿಯಲ್ಲಿ ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ದಿನಕ್ಕೆ 50 ನಿಮಿಷ ತಡವಾಗುತ್ತಾ ಹೋಗುತ್ತದೆ. ನಿಮ್ಮ ಚಂದ್ರ ವೇಗದವನು, ಅಲ್ಲಿ ಸುಮಾರು 57 ನಿಮಿಷ ತಡ. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ದೊಡ್ಡ ಉಬ್ಬರ. ಈ ಜನ ಚಂದ್ರನ ದಿನಗಳನ್ನು ಬೆರಳ ತುದಿಯಲ್ಲಿ ಇಟ್ಟುಕೊಂಡಿರುತ್ತಾರೆ. ಈಗ ಎಷ್ಟನೇ ವರ್ಷ ಎಂದು ಕೇಳಿದರೆ ಮಾತ್ರ ತಡವರಿಸಬಹುದು. ವ್ಯಾಪಾರಿಗಳ ವಿಷಯ ಮುಂದಿನ ಉತ್ತರದಲ್ಲಿದೆ.

ಕೊನೆಗೆ, ತಿಂಗಳು ಶುರುವಾಯಿತೆಂದು ಹೇಳುವ ಅಧಿಕಾರ ಯಾರದು ಎಂದೂ ನಿಶ್ಚಯಿಸಿ. ಗಣಿತ ಮಾಡುವವನದೇ, ಚಂದ್ರನನ್ನು ಕಣ್ಣಾರೆ ಕಂಡವನದೇ? ಮೋಡ ಮುಸುಕಿದರೆ ಎರಡು ಊರುಗಳಲ್ಲಿ ಎರಡು ದಿನ ಹಬ್ಬವಾಗುತ್ತದೆ. ಯಾರಿಗೂ ಆ ಅಧಿಕಾರ ಇಲ್ಲದಿರುವುದೂ ಸಾಧ್ಯ. ದಕ್ಷಿಣ ಇಥಿಯೋಪಿಯಾದ ಓಮೋ ಕಣಿವೆಯ ಮುರ್ಸಿ ಜನರಲ್ಲಿ, ಈಗ ನಡೆಯುತ್ತಿರುವುದು ಎಷ್ಟನೆಯ ಚಂದ್ರ ಎಂಬ ಬಗ್ಗೆ ಒಮ್ಮತವಿರುವುದಿಲ್ಲ. ಒಬ್ಬ ಐದೆನ್ನುತ್ತಾನೆ, ಇನ್ನೊಬ್ಬ ಆರೆನ್ನುತ್ತಾನೆ. ಹೊಳೆಗೆ ನೆರೆ ಬಂದಾಗ, ಗಿಡ ಹೂಬಿಟ್ಟಾಗ ಯಾರ ಮಾತು ಸರಿಯಿತ್ತೆಂದು ಗೊತ್ತಾಗುತ್ತದೆ. ಅಧಿಕಮಾಸದ ಸೂತ್ರವೇ ಇಲ್ಲದೆ ಚಂದ್ರ ಸೂರ್ಯರನ್ನು ಹೊಂದಿಸುವ ಈ ಪದ್ಧತಿ ಬಹಳ ಸೊಗಸಾದದ್ದು. ಕಾದಂಬರಿಕಾರರು ಇದರತ್ತ ಇನ್ನೂ ಹೆಚ್ಚು ನೋಡಬೇಕು.

ಪ್ರಶ್ನೆ: ವಾರಕ್ಕೆ ಏಳೇ ದಿನ ಇರಬೇಕೆಂದೇನು? ಎರಡು ಬಗೆಯ ವಾರ ಒಟ್ಟಿಗೆ ನಡೆಸಬಹುದೇ? (ಧಾರವಾಡ)

ಧಾರಾಳವಾಗಿ. ವಾರಕ್ಕೆ ಆಕಾಶದಲ್ಲಿ ಆಧಾರವಿಲ್ಲ, ಅದನ್ನು ಹೆಚ್ಚಾಗಿ ಕಟ್ಟುವುದು ಸಂತೆ. ನೈಜೀರಿಯಾದ ಇಗ್ಬೋ ಜನರ ಸಂತೆವಾರ ನಾಲ್ಕು ದಿನದ್ದು: ಎಕೆ, ಒರಿಯೆ, ಅಫೊ, ಎನ್‌ಕ್ವೊ. ಸುತ್ತಣ ಊರುಗಳು ಒಂದೊಂದು ದಿನ ಹಂಚಿಕೊಂಡರೆ ವ್ಯಾಪಾರಿ ಊರೂರು ಸುತ್ತಬಹುದು. ಜಾವಾದಲ್ಲಿ ಐದು ದಿನದ ಸಂತೆವಾರ ಏಳು ದಿನದ ವಾರದ ಜತೆಯಲ್ಲೇ ಓಡುತ್ತದೆ. ಲೆಗಿ, ಪಹಿಂಗ್, ಪೋನ್, ವಾಗೆ, ಕ್ಲಿವೋನ್ ಎಂಬ ಐದು ಹೆಸರು ವಾರದ ಏಳು ದಿನಗಳೊಡನೆ ಜೋಡಿಯಾಗಿ 35 ದಿನಕ್ಕೊಮ್ಮೆ ಅದೇ ಜೋಡಿ ಮರಳುತ್ತದೆ. ಬಾಲಿಯ ಪಾವುಕೋನ್ ಪಂಚಾಂಗ ಇನ್ನೂ ಮುಂದೆ ಹೋಗಿ, ಒಂದು ದಿನದಿಂದ ಹತ್ತು ದಿನದವರೆಗಿನ ಹತ್ತು ಬಗೆಯ ವಾರಗಳನ್ನು 210 ದಿನಗಳ ಚಕ್ರದಲ್ಲಿ ಒಟ್ಟಿಗೆ ನಡೆಸುತ್ತದೆ. ಗಲುಂಗನ್ ಹಬ್ಬ ಬರುವುದು ಈ 210 ದಿನಕ್ಕೊಮ್ಮೆ, ಹಾಗಾಗಿ ಕೆಲವು ವರ್ಷ ಎರಡು ಸಲ ಬೀಳುತ್ತದೆ.

ಎಡವುವುದು ಲಘುತಮ ಸಾಮಾನ್ಯ ಅಪವರ್ತ್ಯದಲ್ಲಿ (ಲ.ಸಾ.ಅ.). 5 ಮತ್ತು 7ಕ್ಕೆ ಸಾಮಾನ್ಯ ಭಾಜಕವಿಲ್ಲ, ಆದ್ದರಿಂದ 35 ಜೋಡಿಗಳೂ ಬರುತ್ತವೆ. 6 ಮತ್ತು 8 ದಿನದ ವಾರ ಇಟ್ಟರೆ ಚಕ್ರ 48 ಅಲ್ಲ, 24. ಅರ್ಧದಷ್ಟು ಜೋಡಿಗಳು ಯಾವತ್ತೂ ಕೂಡುವುದಿಲ್ಲ. ಕೂಡದ ಜೋಡಿಯ ದಿನವೇ ನಿಮ್ಮ ಮಹಾಯುದ್ಧವನ್ನು ಇಟ್ಟಿದ್ದರೆ ಲೆಕ್ಕ ಬಲ್ಲ ಓದುಗ ಹಿಡಿದೇ ಹಿಡಿಯುತ್ತಾನೆ. ಇದೇ ಗಣಿತವನ್ನು ದೊಡ್ಡ ಅಳತೆಯಲ್ಲಿ ಮಾಡಿದವರು ಮಾಯಾ ಜನ. ಅವರ 260 ದಿನದ ಚಕ್ರವೂ 365 ದಿನದ ಚಕ್ರವೂ 18,980 ದಿನಕ್ಕೊಮ್ಮೆ, ಅಂದರೆ ಸುಮಾರು 52 ವರ್ಷಕ್ಕೊಮ್ಮೆ ಮೊದಲಿನ ಜೋಡಿಗೆ ಮರಳುತ್ತವೆ.

ಪ್ರಶ್ನೆ: ಹತ್ತು ದಿನದ ವಾರ, ಹತ್ತು ಗಂಟೆಯ ದಿನ. ಅಚ್ಚುಕಟ್ಟಾದ ಇಂಥ ದಶಮಾನ ಕ್ಯಾಲೆಂಡರ್ ಮಾಡಿದರೆ ಹೇಗೆ? (ಮೈಸೂರು)

ಫ್ರಾನ್ಸ್ ಅದನ್ನು ಮಾಡಿ ನೋಡಿದೆ. ಕ್ರಾಂತಿಯ ಸರ್ಕಾರ 1793ರಲ್ಲಿ ತಂದ ಕ್ಯಾಲೆಂಡರಿನಲ್ಲಿ 30 ದಿನದ ತಿಂಗಳು, ಅದರಲ್ಲಿ ಹತ್ತು ದಿನದ ಮೂರು ವಾರ. ದಿನಕ್ಕೆ 10 ಗಂಟೆ, ಗಂಟೆಗೆ 100 ನಿಮಿಷ. ಗಂಟೆಯ ಕಡ್ಡಾಯ 1795ರಲ್ಲೇ ಹೋಯಿತು, ಕ್ಯಾಲೆಂಡರ್ 1805ರ ಕೊನೆಗೆ ನಿಂತಿತು. ವಿಶ್ರಾಂತಿ ಏಳನೆಯ ದಿನದ ಬದಲು ಹತ್ತನೆಯ ದಿನಕ್ಕೆ ಹೋದದ್ದು ದುಡಿಯುವವರಿಗೆ ನಷ್ಟ, ಭಾನುವಾರದ ಇಗರ್ಜಿಗೆ ಹೋಗುವವರಿಗೆ ಅಡ್ಡಿ. ಸೋವಿಯತ್ ಒಕ್ಕೂಟ 1929ರಲ್ಲಿ ಐದು ದಿನದ ವಾರ ತಂದು ಕಾರ್ಮಿಕರನ್ನು ಐದು ಬಣ್ಣದ ಗುಂಪು ಮಾಡಿತು. ಗಂಡನಿಗೆ ಒಂದು ದಿನ ರಜೆ, ಹೆಂಡತಿಗೆ ಇನ್ನೊಂದು ದಿನ. 1931ರಲ್ಲಿ ಆರು ದಿನಕ್ಕೆ ಬದಲಾಯಿಸಿ, 1940ರಲ್ಲಿ ಏಳಕ್ಕೇ ಮರಳಿದರು. ನಿಮ್ಮ ಚಕ್ರವರ್ತಿಯೂ ಇಂಥದ್ದನ್ನು ತರಲಿ. ಆದರೆ ಹಳೆಯ ವಾರವನ್ನು ಮನೆಯೊಳಗೆ ಗುಟ್ಟಾಗಿ ಎಣಿಸುವವರನ್ನೂ ಬರೆಯಿರಿ, ಅವರು ಇದ್ದೇ ಇರುತ್ತಾರೆ.

ಪ್ರಶ್ನೆ: ಗಡಿಯಾರವಿಲ್ಲದ ಲೋಕದಲ್ಲಿ ಕಾವಲುಗಾರ ‘ಎರಡು ಗಂಟೆ ಬಿಟ್ಟು ಬಾ’ ಎಂದು ಹೇಗೆ ಹೇಳುತ್ತಾನೆ? (ಬಳ್ಳಾರಿ)

ಗಳಿಗೆ ಬಟ್ಟಲನ್ನು ಹತ್ತಿರದಿಂದ ನೋಡಿದರೆ ಉತ್ತರ ಸಿಗುತ್ತದೆ. ತಳದಲ್ಲಿ ಸಣ್ಣ ತೂತಿರುವ ತೆಳು ತಾಮ್ರದ ಬಟ್ಟಲನ್ನು ನೀರು ತುಂಬಿದ ಕೊಪ್ಪರಿಗೆಯಲ್ಲಿ ತೇಲಿಬಿಡುತ್ತಾರೆ. ನೀರು ಒಳಗೇರಿ ಬಟ್ಟಲು ಮುಳುಗಿದರೆ ಒಂದು ಗಳಿಗೆ, 24 ನಿಮಿಷ. ಕಾಯುವವನು ಜಾಗಟೆ ಬಾರಿಸಿ, ಬಟ್ಟಲನ್ನೆತ್ತಿ ನೀರು ಚೆಲ್ಲಿ ಮತ್ತೆ ತೇಲಿಸುತ್ತಾನೆ. ದಿನಕ್ಕೆ 60 ಗಳಿಗೆ. ಏಳೂವರೆ ಗಳಿಗೆಗೆ ಒಂದು ಜಾವ, ದಿನಕ್ಕೆ ಎಂಟು ಜಾವ. ಕಾವಲುಗಾರ ‘ಐದು ಗಳಿಗೆ ಬಿಟ್ಟು ಬಾ’ ಎಂದರೆ ಸರಿಯಾಗಿ ನಿಮ್ಮ ಎರಡು ಗಂಟೆ.

ಇದು ಎಲ್ಲಿ ತಪ್ಪುತ್ತದೆ ನೋಡಿ. ಬಟ್ಟಲೆತ್ತಿ ಮತ್ತೆ ತೇಲಿಸಲು ಪ್ರತಿ ಸಲ ಐದು ಸೆಕೆಂಡ್ ಹಿಡಿದರೂ ದಿನಕ್ಕೆ ಐದು ನಿಮಿಷ ಸೋರಿಹೋಗುತ್ತದೆ. ಚಳಿಗೆ ನೀರು ಮಂದವಾಗಿ ಬಟ್ಟಲು ತಡವಾಗಿ ಮುಳುಗುತ್ತದೆ. ತೂತಿಗೆ ಕಸ ಸಿಕ್ಕಿದರೆ ಇನ್ನೂ ತಡ. ಕಸ ತೆಗೆಯಲು ಕಡ್ಡಿ ಆಡಿಸಿ ಆಡಿಸಿ ತೂತು ಸವೆದರೆ ಬೇಗ ಮುಳುಗುತ್ತದೆ. ಆದ್ದರಿಂದ ಲೆಕ್ಕವನ್ನು ದಿನಾ ಸೂರ್ಯೋದಯಕ್ಕೆ ಹೊಸದಾಗಿ ಶುರು ಮಾಡಬೇಕು. ಹತ್ತು ದಿನ ಮೋಡ ಮುಚ್ಚಿದ ಕೋಟೆಯಲ್ಲಿ ಸಮಯ ಎಷ್ಟು ಜಾರಿರುತ್ತದೆ ಎಂದು ನೀವೇ ಲೆಕ್ಕ ಹಾಕಬಹುದು.

ಇನ್ನೊಂದು ದಾರಿ, ಹಗಲನ್ನು ಸಮಭಾಗ ಮಾಡುವುದು. ರಾಹುಕಾಲದ ಲೆಕ್ಕ ಹೀಗೇ: ಸೂರ್ಯೋದಯದಿಂದ ಅಸ್ತದವರೆಗಿನ ಎಂಟನೆಯ ಒಂದು ಭಾಗ. ಬೆಂಗಳೂರಿನಲ್ಲಿ ಅದು ಡಿಸೆಂಬರಿನಲ್ಲಿ ಸುಮಾರು 85 ನಿಮಿಷ, ಜೂನಿನಲ್ಲಿ ಸುಮಾರು 97. ಜಪಾನಿನಲ್ಲಿ 1872ರ ಕೊನೆಯವರೆಗೂ ಹಗಲಿಗೆ ಆರು, ಇರುಳಿಗೆ ಆರು ಭಾಗವಿತ್ತು. ಋತು ಬದಲಾದಂತೆ ಭಾಗ ಹಿಗ್ಗಿ ಕುಗ್ಗುತ್ತಿತ್ತು; ಯಾಂತ್ರಿಕ ಗಡಿಯಾರಕ್ಕೇ ಹಗಲಿಗೊಂದು ಇರುಳಿಗೊಂದು ತೂಗುದಂಡ ಜೋಡಿಸಿ ಅದನ್ನು ಹಿಡಿದರು. ಗಂಟೆ ಬಾರಿಸುತ್ತಿದ್ದದ್ದು 9, 8, 7, 6, 5, 4 ಎಂದು ಇಳಿಮುಖವಾಗಿ; ನಡುಹಗಲು ಒಂಬತ್ತು, ನಡುರಾತ್ರಿಯೂ ಒಂಬತ್ತು. ಸಮಭಾಜಕದ ಹತ್ತಿರದ ನಾಡಿಗೆ ಈ ಪದ್ಧತಿ ಸಲೀಸು. 60 ಡಿಗ್ರಿ ಅಕ್ಷಾಂಶದಲ್ಲಿ ಹಗಲಿನ ಹನ್ನೆರಡನೆಯ ಒಂದು ಭಾಗ ಬೇಸಗೆಯಲ್ಲಿ ಒಂದೂವರೆ ಗಂಟೆಯಾಗಿ, ಚಳಿಗಾಲದಲ್ಲಿ ಅರ್ಧ ಗಂಟೆಗೆ ಇಳಿಯುತ್ತದೆ. ಅಲ್ಲಿ ದಿನಗೂಲಿಯ ಲೆಕ್ಕ ನಿಲ್ಲುವುದಿಲ್ಲ.

ದಿನ ಯಾವಾಗ ಹುಟ್ಟುತ್ತದೆ ಎಂಬುದನ್ನೂ ಬರೆದಿಟ್ಟುಕೊಳ್ಳಿ. ಪಂಚಾಂಗಕ್ಕೆ ಸೂರ್ಯೋದಯ, ಯಹೂದಿ ಮತ್ತು ಇಸ್ಲಾಮಿ ಲೆಕ್ಕಕ್ಕೆ ಸೂರ್ಯಾಸ್ತ. ಇರುಳು ಎರಡನೆಯ ಜಾವದಲ್ಲಿ ನಡೆದ ಕೊಲೆಗೆ ಎರಡು ನಾಡಿನ ಸಾಕ್ಷಿಗಳು ಎರಡು ದಿನಾಂಕ ಹೇಳುತ್ತಾರೆ, ಇಬ್ಬರೂ ನಿಜವನ್ನೇ ಹೇಳುತ್ತಿರುತ್ತಾರೆ.

ಪ್ರಶ್ನೆ: ನಮ್ಮ ಪಂಚಾಂಗವನ್ನೇ ಎತ್ತಿಕೊಂಡರೆ ಆಗದೇ? (ಉಡುಪಿ)

ಅದರ ಕಟ್ಟೋಣ ತೆಗೆದುಕೊಳ್ಳಿ, ಹೆಸರು ಬಿಡಿ. ಚೈತ್ರ ಎಂಬ ಹೆಸರು ಬಂದದ್ದು ಆ ತಿಂಗಳ ಹುಣ್ಣಿಮೆಯ ಚಂದ್ರ ಚಿತ್ತಾ ನಕ್ಷತ್ರದ ಹತ್ತಿರ ನಿಲ್ಲುವುದರಿಂದ. ನಿಮ್ಮ ಆಕಾಶದಲ್ಲಿ ಚಿತ್ತಾ ಇಲ್ಲ. ಕಟ್ಟೋಣದಲ್ಲಿ ಎತ್ತಿಕೊಳ್ಳಲು ಬಹಳ ಇದೆ. ತಿಥಿ ಎಂದರೆ ಸೂರ್ಯನಿಂದ ಚಂದ್ರ 12 ಡಿಗ್ರಿ ಮುಂದೆ ಸರಿಯುವ ಅವಧಿ. ಚಂದ್ರನ ವೇಗ ಏರುಪೇರಾಗುವುದರಿಂದ ಅದು ಸುಮಾರು 19ರಿಂದ 26 ಗಂಟೆಯವರೆಗೆ ಬದಲಾಗುತ್ತದೆ, ಕೆಲವೊಮ್ಮೆ ಒಂದು ತಿಥಿ ಯಾವ ಸೂರ್ಯೋದಯಕ್ಕೂ ಸಿಗದೆ ಕ್ಷಯವಾಗುತ್ತದೆ. ಇನ್ನೊಂದು: ನಮ್ಮಲ್ಲಿ ತಿಂಗಳು ಅಮಾವಾಸ್ಯೆಗೆ ಮುಗಿಯುತ್ತದೆ, ಉತ್ತರ ಭಾರತದ ಹೆಚ್ಚಿನ ಕಡೆ ಹುಣ್ಣಿಮೆಗೆ. ಮಹಾಶಿವರಾತ್ರಿ ನಮಗೆ ಮಾಘ ಬಹುಳ ಚತುರ್ದಶಿ, ಅವರಿಗೆ ಅದೇ ರಾತ್ರಿ ಫಾಲ್ಗುಣ ಕೃಷ್ಣ ಚತುರ್ದಶಿ. ಅರ್ಧ ತಿಂಗಳು ಒಂದೇ ಹೆಸರು, ಅರ್ಧ ತಿಂಗಳು ಬೇರೆ ಹೆಸರು. ಗೂಢಚಾರನ ಒಂದು ಓಲೆ ಒಂದು ತಿಂಗಳು ತಡವಾಗಿ ಅರ್ಥವಾಗಲು ಇಷ್ಟು ಸಾಕು.

ನಿಮ್ಮ ಕರಾವಳಿಯ ತುಳು ತಿಂಗಳುಗಳು ಸೌರಮಾನದವು. ಬಿಸುವಿನಿಂದ ಪಗ್ಗು ಶುರು. ಘಟ್ಟದ ಮೇಲೆ ಯುಗಾದಿ ಚಾಂದ್ರಮಾನದ್ದು. ಒಂದೇ ರಾಜ್ಯದೊಳಗೆ ಎರಡು ಹೊಸವರ್ಷ ಸಹಜವಾಗಿ ಇರಬಲ್ಲವು ಎಂಬುದಕ್ಕೆ ಬೇರೆ ಉದಾಹರಣೆ ಹುಡುಕಬೇಕಿಲ್ಲ.

ಪ್ರಶ್ನೆ: ವರ್ಷದ ಎಣಿಕೆ ಎಲ್ಲಿಂದ ಶುರುವಾಗಲಿ? (ವಿಜಯಪುರ)

ಗೆದ್ದವನಿಂದ. ಪಶ್ಚಿಮ ಚಾಲುಕ್ಯರ ಆರನೆಯ ವಿಕ್ರಮಾದಿತ್ಯ 1076ರಲ್ಲಿ ಪಟ್ಟಕ್ಕೆ ಬಂದು ಶಕವರ್ಷವನ್ನು ಬದಿಗಿಟ್ಟು ಚಾಲುಕ್ಯ ವಿಕ್ರಮ ವರ್ಷವನ್ನು ತಂದ. ಆ ಎಣಿಕೆಯ ಕನ್ನಡ ಶಾಸನಗಳು ಬಹಳ ಇವೆ. ವಂಶದ ಬಲ ಕುಗ್ಗಿದ ಮೇಲೆ ಅದು ಮರೆಯಾಯಿತು, ಬಾದಾಮಿಯ ಬಂಡೆಯ ಮೇಲೆ ಒಂದನೆಯ ಪುಲಕೇಶಿ ಶಕ 465 ಎಂದು ಬರೆಸಿದ ಹಳೆಯ ಎಣಿಕೆಯೇ ಉಳಿಯಿತು. ಟಿಪ್ಪು ಸುಲ್ತಾನ್ ಕೂಡ ತನ್ನದೇ ಮೌಲೂದಿ ವರ್ಷವನ್ನು ನಾಣ್ಯಗಳ ಮೇಲೆ ಅಚ್ಚು ಹಾಕಿಸಿದ.

ಒಗಟು ಬೇಕಿದ್ದರೆ 60 ಸಂವತ್ಸರಗಳ ಚಕ್ರ ನೋಡಿ. ‘ವಿಶ್ವಾವಸು ಸಂವತ್ಸರ’ ಎಂದಷ್ಟೇ ಬರೆದಿದ್ದರೆ ಅದು 2025ರ ಯುಗಾದಿಯಿಂದಿನದೂ ಆಗಬಹುದು, 1965ರದೂ ಆಗಬಹುದು. ಶಾಸನ ಓದುವವರು ವಾರ, ತಿಥಿ, ಗ್ರಹಣ ಮೂರನ್ನೂ ತಾಳೆ ನೋಡಿ ವರ್ಷ ಗಟ್ಟಿ ಮಾಡುತ್ತಾರೆ. ನಿಮ್ಮ ಕಥೆಯ ವಿದ್ವಾಂಸೆಯೂ ಹಾಗೇ ಮಾಡಲಿ. ಶಕವರ್ಷದಲ್ಲಿ ಕಳೆದ ವರ್ಷವನ್ನು ಎಣಿಸಿದ್ದೋ ನಡೆಯುತ್ತಿರುವುದನ್ನು ಎಣಿಸಿದ್ದೋ ಎಂಬ ಒಂದು ವರ್ಷದ ಗೊಂದಲವೂ ಇದೆ. ಅದನ್ನೂ ಬಳಸಿಕೊಳ್ಳಿ.

ಪ್ರಶ್ನೆ: ಎರಡು ಚಂದ್ರರಿದ್ದರೆ? (ಬೆಂಗಳೂರು)

ಸುಲಭದ ಅಂಕಿ ಹಿಡಿಯೋಣ: ಒಬ್ಬನಿಗೆ 12 ದಿನ, ಇನ್ನೊಬ್ಬನಿಗೆ 30. ಆಕಾಶದಲ್ಲಿ ಇಬ್ಬರೂ ಪಕ್ಕಪಕ್ಕ ಬರುವುದು 20 ದಿನಕ್ಕೊಮ್ಮೆ (12ರಲ್ಲಿ ಒಂದು ಭಾಗದಿಂದ 30ರಲ್ಲಿ ಒಂದು ಭಾಗ ಕಳೆದರೆ 20ರಲ್ಲಿ ಒಂದು ಭಾಗ). ಇಬ್ಬರಿಗೂ ಒಂದೇ ದಿನ ಅಮಾವಾಸ್ಯೆಯಾಗುವುದು 60 ದಿನಕ್ಕೊಮ್ಮೆ. ವೇಗದ ಚಂದ್ರ ಹತ್ತಿರದವನೇ ಆಗಿರಬೇಕು: ಕೆಪ್ಲರನ ನಿಯಮದಂತೆ ಅವನ ದೂರ ಇನ್ನೊಬ್ಬನ ದೂರದ ಸುಮಾರು 54 ಶೇಕಡ. ಇಬ್ಬರ ತೂಕವೂ ಒಂದೇ ಆದರೆ ಕಡಲನ್ನು ಎಬ್ಬಿಸುವ ಅವನ ಬಲ ಆರು ಪಟ್ಟಿಗೂ ಹೆಚ್ಚು. ದೂರದ ಚಂದ್ರನನ್ನು ‘ಕಡಲ ಒಡೆಯ’ ಎಂದು ಕರೆದಿದ್ದರೆ ತಿದ್ದಿಕೊಳ್ಳಿ.

ಪ್ರಶ್ನೆ: ಬರೆಯುತ್ತಾ ಹೋದಂತೆ ದಿನಾಂಕಗಳು ಗೊಂದಲವಾಗುತ್ತವೆ. ಹೇಗೆ ಹಿಡಿದಿಡುವುದು? (ಕಲಬುರಗಿ)

ಯಾವ ನಾಡಿನ ಕ್ಯಾಲೆಂಡರನ್ನೂ ನಂಬಬೇಡಿ. ಕಥೆಗಿಂತ ಹಿಂದಿನ ಒಂದು ಅಮಾವಾಸ್ಯೆಯ ಸೂರ್ಯೋದಯವನ್ನು ಸೊನ್ನೆ ಎಂದಿಟ್ಟು ಪ್ರತಿ ಘಟನೆಗೂ ದಿನಸಂಖ್ಯೆ ಕೊಡಿ. ಎಕ್ಸೆಲ್ ಹಾಳೆಯ ಮೊದಲ ಕಂಬದಲ್ಲಿ ಅದು, ಉಳಿದ ಕಂಬಗಳಲ್ಲಿ ಪ್ರತಿ ನಾಡಿನ ದಿನಾಂಕ. ಚಂದ್ರನ ಸ್ಥಿತಿ ತಿಳಿಯಲು ದಿನಸಂಖ್ಯೆಯನ್ನು ಚಾಂದ್ರಮಾಸದಿಂದ ಭಾಗಿಸಿ ದಶಾಂಶವನ್ನಷ್ಟೇ ನೋಡಿ. ಉದಾಹರಣೆಗೆ, ಮೊದಲು ಹೇಳಿದ 26.4 ದಿನದ ಲೋಕದಲ್ಲಿ ಯುದ್ಧ 1000ನೆಯ ದಿನ. 1000ವನ್ನು 26.4ರಿಂದ ಭಾಗಿಸಿದರೆ 37.88. ದಶಾಂಶ 0.88. ಅದನ್ನು 24ರಿಂದ ಗುಣಿಸಿದರೆ 21: ಅಂದು ಚಂದ್ರ ಹುಟ್ಟುವುದು ಸೂರ್ಯೋದಯವಾದ ಸುಮಾರು 21 ಗಂಟೆಯ ಮೇಲೆ, ಅಂದರೆ ಬೆಳಗಿನ ಜಾವ ಮೂರರ ಸುಮಾರಿಗೆ, ಅದೂ ತೆಳು ಗೆರೆಯಾಗಿ. ಆ ರಾತ್ರಿ ಹತ್ತಕ್ಕೆ ಸೈನ್ಯ ಬೆಳದಿಂಗಳಲ್ಲಿ ಹೊಳೆ ದಾಟುವಂತಿಲ್ಲ. ದಶಾಂಶ 0.5 ಬಂದರೆ ಹುಣ್ಣಿಮೆ, ಹುಟ್ಟುವುದು ಸೂರ್ಯ ಮುಳುಗುವಾಗ. ನಡುರಾತ್ರಿ ಮೂಡಣದಲ್ಲಿ ಪೂರ್ಣಚಂದ್ರ ಏಳುವ ದೃಶ್ಯ ಹಸ್ತಪ್ರತಿಗಳಲ್ಲಿ ಮತ್ತೆ ಮತ್ತೆ ಕಾಣುವ ತಪ್ಪು.

ವಯಸ್ಸಿಗೂ ಒಂದು ಕಂಬ ಇಡಿ. 340.3 ದಿನದ ವರ್ಷದಲ್ಲಿ ‘ಹದಿನಾರರ ಹುಡುಗಿ’ ನಮ್ಮ ಲೆಕ್ಕಕ್ಕೆ 15 ತುಂಬದವಳು. ನಮ್ಮ ಇಪ್ಪತ್ತರ ಯುವತಿಯನ್ನು ಚಿತ್ರಿಸುವುದು ನಿಮ್ಮ ಉದ್ದೇಶವಾದರೆ ಅಲ್ಲಿ ಅವಳಿಗೆ 21 ದಾಟಿರಬೇಕು. ಬಸಿರಿನ 280 ದಿನ ಆ ಲೋಕದಲ್ಲಿ ಹತ್ತೂವರೆ ತಿಂಗಳಿಗಿಂತ ತುಸು ಹೆಚ್ಚು. ‘ನವಮಾಸ’ ಎಂದು ಬರೆದಿದ್ದರೆ ಅದನ್ನೂ ತಿದ್ದಿ.